ಪತ್ತೆಯಾಗಿಲ್ಲ

"ಪತ್ತೆಯಾಗಿಲ್ಲ ಅಂತ ಬರೆದಿದ್ದಾರಲ್ಲ, ಒಳ್ಳೇದೇ ಆಯ್ತಲ್ವಾ? ಮತ್ತೆ ಈ ಅರ್ಜಿ ಯಾಕೆ?"

ಮಂಗಳವಾರ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ ಕಚೇರಿಯಲ್ಲಿ ಕೇಳಿದ ಮಾತು ಇದು. ಇವತ್ತು ಶನಿವಾರ. ಹಲ್ಲುಜ್ಜುವಾಗ, ಮಾತ್ರೆ ನುಂಗುವಾಗ, ರಾತ್ರಿ ದೀಪ ಆರಿಸಿದ ಮೇಲೆ ಅದೇ ಮಾತು, ಅದೇ ದನಿ. ಹೇಳಿದವರು ಒರಟರಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಒರಟು ಮಾತನ್ನು ಕೊಡವಿ ಎದ್ದು ಬರುವುದು ನನಗೆ ಅಭ್ಯಾಸವಾಗಿದೆ. ಈ ಅಧಿಕಾರಿ ನನಗೆ ಕುರ್ಚಿ ತೋರಿಸಿದರು, ಕಡತ ತೆರೆಯುವ ಮುಂಚೆ ಕೋಣೆಯ ಬಾಗಿಲು ಮುಂದಕ್ಕೆ ಮಾಡಿದರು, ಎಚ್‌ಐವಿ ಎಂಬ ಹೆಸರು ಬಂದಾಗ ದನಿ ತಗ್ಗಿಸಿದರು. ಆಮೇಲೆ, ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ವರದಿಯ ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ನಿಜವಾಗಿಯೂ ಸಂತೋಷಪಟ್ಟು ಹಾಗೆ ಕೇಳಿದರು. ಅಭಿನಂದಿಸುವ ಮುಖ ಅದು. ಆ ಮುಖಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯದೆ "ಹೌದು ಸರ್" ಅಂದುಬಿಟ್ಟೆ. ಅವರು ಏನನ್ನೋ ಬರೆದುಕೊಂಡರು.

ಆ "ಹೌದು ಸರ್" ಈಗ ನನ್ನ ಕಡತದಲ್ಲಿದೆ.

"ಪತ್ತೆಯಾಗಿಲ್ಲ" ಎಂಬ ಪದಕ್ಕಾಗಿ ನಾನು ಎಷ್ಟು ಕಾದಿದ್ದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? 2005ರಲ್ಲಿ ಚಿಕಿತ್ಸೆ ಶುರುವಾದಾಗ ನನ್ನ ಸಿಡಿ4 ಎಣಿಕೆ, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, 61 ಇತ್ತು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತದೆ, 200ಕ್ಕಿಂತ ಕೆಳಗಿಳಿದರೆ ಏಡ್ಸ್ ಎನ್ನುತ್ತಾರೆ. ಮುಂದೆ ಒಂದು ದಿನ ಆಪ್ತ ಸಮಾಲೋಚಕಿ ವರದಿ ಹಿಡಿದು "ಪತ್ತೆಯಾಗಿಲ್ಲ" ಎಂದು ಓದಿದರು. ಇನ್ನೊಮ್ಮೆ ಓದಿ ಅಂದೆ. ಓದಿದರು. ಮೂರನೇ ಸಲ ನಾನೇ ಓದಿಕೊಂಡೆ. ವೈರಸ್ಸಿನ ಸಂಖ್ಯೆ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂದು, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ಗಮನಿಸಿದ ಪಾರ್ಟ್‌ನರ್ ಅಧ್ಯಯನಗಳು 2016ರಲ್ಲಿ, ಮತ್ತೆ 2019ರಲ್ಲಿ ತೋರಿಸಿದವು. ಆ ದಂಪತಿಗಳಲ್ಲಿ, ಸಂಗಾತಿಗಳಲ್ಲಿ ಒಂದೇ ಒಂದು ಸೋಂಕೂ ಚಿಕಿತ್ಸೆಯಲ್ಲಿದ್ದ ಜೊತೆಗಾರರಿಂದ ಬಂದಿರಲಿಲ್ಲ. ಅದನ್ನು ಓದಿದ ದಿನ ಅಕ್ಕನಿಗೆ ಫೋನ್ ಮಾಡಿ, ಏನು ಹೇಳಬೇಕೆಂದು ತೋಚದೆ ಅತ್ತಿದ್ದೆ. ನನ್ನ ಪಾಲಿಗೆ ಅದು ಬಿಡುಗಡೆಯ ಪದ. ಮಂಗಳವಾರ ಅದೇ ಪದ ಎದುರು ಪಕ್ಷದ ಸಾಕ್ಷಿಯಾಗಿ ಬಂದು ನಿಂತಿತು.

ಪತ್ತೆಯಾಗಿಲ್ಲ ಅಂದರೆ ಇಲ್ಲ ಅಂತಲ್ಲ. ವೈರಸ್ಸು ಜೀವಕೋಶಗಳ ಒಳಗೆ ಅಡಗಿ ಕೂತಿರುತ್ತದೆ, ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮೇಲೇಳುತ್ತದೆ. ಅದನ್ನಾದರೂ ವಿವರಿಸಬಹುದು. ವಿವರಿಸಲು ಕಷ್ಟವಾದದ್ದು ಬೇರೆ: ನಾನು ಅರ್ಜಿ ಹಾಕಿದ್ದು ವೈರಸ್ಸಿನ ಲೆಕ್ಕಕ್ಕಲ್ಲ, ನನ್ನ ಕಾಲುಗಳಿಗಾಗಿ.

2005ರಲ್ಲಿ ನನಗೆ ಕೊಟ್ಟ ಮಾತ್ರೆಯಲ್ಲಿ ಮೂರು ಔಷಧಗಳಿದ್ದವು: ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್. ಅಗ್ಗದ್ದು, ನುಂಗಲು ಸುಲಭ. ಸಾಯುತ್ತಿದ್ದ ಎಷ್ಟೋ ಜನರನ್ನು ಎಬ್ಬಿಸಿ ಕೂರಿಸಿತು, ಅವರಲ್ಲಿ ನಾನೂ ಒಬ್ಬ. ಆ ಮಾತ್ರೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದರಲ್ಲಿದ್ದ ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು, ಪಾದದ ನರಗಳನ್ನು ಹಾಳುಮಾಡುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಹಂತಹಂತವಾಗಿ ಕೈಬಿಡಿ ಎಂದು ಹೇಳಿತು. ನನಗೂ ಔಷಧ ಬದಲಾಯಿತು. ನರಗಳು ಮಾತ್ರ ಹಿಂದಿನಂತಾಗಲಿಲ್ಲ.

ಹಗಲಲ್ಲಿ ಪಾದ ಇದೆಯೋ ಇಲ್ಲವೋ ಎಂಬಂತೆ ಮರಗಟ್ಟಿರುತ್ತದೆ. ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ಒಮ್ಮೆ ಬೂಟಿನೊಳಗೆ ಸೇರಿದ್ದ ಕಲ್ಲಿನ ಮೇಲೆ ಇಡೀ ದಿನ ನಡೆದಿದ್ದೇನೆ, ಸಂಜೆ ಕಾಲುಚೀಲದ ರಕ್ತ ನೋಡಿದಾಗಲೇ ಗೊತ್ತಾದದ್ದು. ರಾತ್ರಿಯಾದರೆ ಅದೇ ಪಾದ ಉರಿಯತೊಡಗುತ್ತದೆ, ಹೊದಿಕೆ ಸೋಕಿದರೂ ತಡೆಯಲಾಗುವುದಿಲ್ಲ. ಮುದ್ರಣಾಲಯದಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸ ನನ್ನದು. ಅಲ್ಲ, ಆಗಿತ್ತು. ಕಾಲಡಿಯ ನೆಲ ತಿಳಿಯದವನು ತಿರುಗುವ ಉರುಳೆಗಳ ಪಕ್ಕ ನಿಲ್ಲಬಾರದು. ಇದನ್ನು ನನಗೆ ಯಾರೂ ಹೇಳಬೇಕಾಗಿ ಬರಲಿಲ್ಲ, ನಾನೇ ಬಿಟ್ಟು ಬಂದೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಒಂದು ಸಾಮಾನ್ಯ ದಿನವನ್ನು ವಿವರಿಸಿ. ಅದರ ಮುಂದೆ ಮೂರು ಸಂಜೆ ಕೂತೆ. ಚೆನ್ನಾಗಿರುವ ದಿನ ಎರಡು ಕಿಲೋಮೀಟರ್ ನಡೆದು ಬರುತ್ತೇನೆ, ಚೆನ್ನಾಗಿಲ್ಲದ ದಿನ ಗೋಡೆ ಹಿಡಿದು ಬಚ್ಚಲಮನೆಯವರೆಗೆ. ಯಾವ ದಿನ ಹೇಗಿರುತ್ತದೆಂದು ಹಿಂದಿನ ರಾತ್ರಿಯೂ ತಿಳಿಯುವುದಿಲ್ಲ. ಎರಡು ಕಿಲೋಮೀಟರ್ ಎಂದು ಬರೆದರೆ ಮಾಸಾಶನ ಇಲ್ಲ. ಬಚ್ಚಲಮನೆ ಎಂದಷ್ಟೇ ಬರೆದರೆ, ಮರುದಿನ ಅಂಗಡಿಗೆ ಹೊರಟ ನನ್ನನ್ನು ನೋಡಿದವರು ಸುಳ್ಳುಗಾರ ಎನ್ನುತ್ತಾರೆ. ಕೊಟ್ಟ ಜಾಗ ನಾಲ್ಕು ಸಾಲಿನದು. ನಾನು ಬೇರೆ ಹಾಳೆ ಅಂಟಿಸಿ ಎರಡೂ ದಿನಗಳನ್ನು ಬರೆದೆ, ಕಳೆದ ತಿಂಗಳಲ್ಲಿ ಯಾವುದು ಎಷ್ಟು ಸಲ ಬಂತೆಂದೂ ಬರೆದೆ. ಇಂಥ ಅರ್ಜಿ ತುಂಬುವವರಿಗೆ ಇದೊಂದನ್ನು ಹೇಳಬಲ್ಲೆ: ಈಗಿನಿಂದಲೇ ಒಂದು ದಿನಚರಿ ಇಡಿ. ಕಾಯಿಲೆಯ ಹೆಸರಿಗಿಂತ ಅದು ನಿಮ್ಮಿಂದ ಏನನ್ನು ಮಾಡಗೊಡುವುದಿಲ್ಲ ಎಂಬುದನ್ನು ಬರೆಯಿರಿ. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ ಮೊದಲ ವಿಧಿ ಹೇಳುವುದೂ ಇದನ್ನೇ. ದೇಹದ ದೀರ್ಘಕಾಲದ ಕೊರತೆಗೆ ಹೊರಗಿನ ಅಡೆತಡೆಗಳು ಸೇರಿ, ಉಳಿದವರಂತೆ ಸಮಾನವಾಗಿ ಬದುಕಲು ಬಿಡದಿರುವುದನ್ನು ಅದು ನೋಡುತ್ತದೆ. ರಕ್ತದಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬಲ್ಲಿಗೆ ಅದು ನಿಲ್ಲುವುದಿಲ್ಲ.

ಅದಕ್ಕಿಂತಲೂ ಕಷ್ಟವಾದದ್ದು ಕೊನೆಯ ಪುಟ. ನಿಮ್ಮ ತೊಂದರೆಯನ್ನು ಕಣ್ಣಾರೆ ಕಂಡ ಒಬ್ಬರ ಹೇಳಿಕೆ ಬೇಕು. ಸಹೋದ್ಯೋಗಿ, ನೆರೆಯವರು, ಯಾರಾದರೂ. ಇಪ್ಪತ್ತು ವರ್ಷ ನಾನು ಮಾಡಿದ್ದೇನು? ಮಾತ್ರೆಯನ್ನು ವಿಟಮಿನ್ ಡಬ್ಬಿಯಲ್ಲಿ ಹಾಕಿಟ್ಟೆ. ಕುಂಟಿದಾಗ ಉಳುಕಿದೆ ಅಂದೆ. ರಜೆ ಹಾಕಿದಾಗ ಜ್ವರ ಅಂದೆ. ಕೆನ್ನೆ ಒಳಗೆ ಹೋದದ್ದನ್ನು ಗಡ್ಡ ಬಿಟ್ಟು ಮುಚ್ಚಿದೆ. ಜೊತೆಗೆ ಕೆಲಸ ಮಾಡಿದವರು ಒಳ್ಳೆಯವರು, ಕೇಳಿದರೆ ಬರೆದುಕೊಟ್ಟಾರು. ಆದರೆ ಅವರು ಕಂಡದ್ದೇನು? ನಾನು ತೋರಿಸಿದ್ದನ್ನೇ. ಬದುಕಬೇಕೆಂದು ಏನನ್ನೂ ಕಾಣಗೊಡದೆ ಇದ್ದವನಿಗೆ ಈಗ ಕಂಡವರು ಬೇಕು. ಸೋಂಕಿರುವವರ ಬಗ್ಗೆ ಜನ ಹೇಗೆ ಮಾತಾಡುತ್ತಾರೆಂದು ಗೊತ್ತಿರುವ ಯಾರೂ ನಾನು ಮುಚ್ಚಿಟ್ಟದ್ದು ತಪ್ಪು ಎನ್ನಲಾರರು. ಅಂಥ ಬದುಕು ಬದುಕಿದವರ ಮುಂದೆ ಈ ಪುಟ ಇಡುವಾಗ ಅದನ್ನು ಬರೆದವರು ಒಮ್ಮೆ ಯೋಚಿಸಬೇಕಿತ್ತು.

ಗುರುವಾರ ಡಾಕ್ಟರ ಹತ್ತಿರ ಹೋದೆ, ಕಾಲಿನ ಬಗ್ಗೆ ಪತ್ರ ಬರೆಸಿಕೊಳ್ಳಲು. ಚಿಕ್ಕ ವಯಸ್ಸಿನವರು, ಅವಸರ ಮಾಡುವುದಿಲ್ಲ. ಶ್ರುತಿಕವಲನ್ನು ತಟ್ಟಿ ಮೊದಲು ನನ್ನ ಮಣಿಕಟ್ಟಿನ ಮೇಲಿಟ್ಟರು, ಗುಂಯ್ ಎಂಬ ಕಂಪನ ಮೂಳೆಯೊಳಗೆ ಹೋಯಿತು. "ಹೀಗೆ ಇರುತ್ತೆ. ಈಗ ಕಣ್ಣು ಮುಚ್ಚಿ. ಹೆಬ್ಬೆರಳ ಮೇಲೆ ಇಡ್ತೀನಿ, ನಿಂತ ಕೂಡಲೇ ಹೇಳಿ" ಅಂದರು. ಕಣ್ಣು ಮುಚ್ಚಿ ಕಾದೆ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಇಡ್ತೀರಾ ಡಾಕ್ಟ್ರೇ?"

ಅವರು ತಕ್ಷಣ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇಟ್ಟೇ ಇದ್ದೀನಿ" ಅಂದರು.

ಕಣ್ಣು ಬಿಟ್ಟು ನೋಡಿದೆ. ನನ್ನದೇ ಹೆಬ್ಬೆರಳು, ಅದರ ಮೇಲೆ ಆ ಲೋಹದ ಕವಲು, ಅದರ ತುದಿ ಇನ್ನೂ ಮಸುಕಾಗಿ ನಡುಗುತ್ತಿತ್ತು. ಮಂಗಳವಾರದ ಅಧಿಕಾರಿ ಆಗ ಅಲ್ಲಿ ಇರಬೇಕಿತ್ತು ಅನ್ನಿಸಿತು. ಕೋಪದಿಂದಲ್ಲ. ಬಾಗಿಲು ಮುಂದಕ್ಕೆ ಮಾಡುವಷ್ಟು ಮನಸ್ಸಿದ್ದ ಮನುಷ್ಯ ಅವರು, ನೋಡಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದರು.

ಕಂಡವರ ಹೇಳಿಕೆಯನ್ನು ಕೊನೆಗೆ ಅಕ್ಕನೇ ಬರೆದಳು. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಬಹಳ ಹೊತ್ತು ಬರೆದು, ಮಡಚಿ, "ಓದಬೇಡ ಕಣೋ, ಹಾಗೇ ಲಗತ್ತಿಸಿಬಿಡು" ಅಂದಳು. ಇವತ್ತು ಬೆಳಿಗ್ಗೆ ಓದಿದೆ. ಒಂದೂವರೆ ಪುಟ. ರಾತ್ರಿ ಎರಡು, ಮೂರು ಗಂಟೆಗೆ ನಾನು ಹಜಾರದಲ್ಲಿ ಗೋಡೆ ಸವರಿಕೊಂಡು ನಡೆಯುವ ಸದ್ದು ಅವಳಿಗೆ ಕೇಳಿಸುತ್ತದಂತೆ. ಎದ್ದು ಬಂದರೆ ನನಗೆ ಮುಜುಗರವಾದೀತೆಂದು ನಿದ್ದೆ ಬಂದವಳ ಹಾಗೆ ಮಲಗಿರುತ್ತಾಳಂತೆ. ಎಷ್ಟು ವರ್ಷದಿಂದ ಎಂದು ಕೇಳಿದ ಜಾಗದಲ್ಲಿ "2008ರಿಂದ" ಎಂದು ಬರೆದಿದ್ದಾಳೆ.

ಸೋಮವಾರ ಮತ್ತೆ ಆ ಕಚೇರಿಗೆ ಹೋಗಬೇಕು. ವೈರಲ್ ಲೋಡ್ ವರದಿ ಇದ್ದಲ್ಲೇ ಇದೆ, ತೆಗೆದಿಲ್ಲ. ಅದರ ಮೇಲೆ ಡಾಕ್ಟರ ಪತ್ರ, ಎಲ್ಲಕ್ಕಿಂತ ಮೇಲೆ ಅಕ್ಕನ ಒಂದೂವರೆ ಪುಟ.