ಬಾಬ್ ಮಾರ್ಲಿ ಆದಮೇಲೆ ಯಾರು? ಕೇಳಿದವರಿಗೆಲ್ಲ ನಾನು ಹೇಳುವ ಒಂದು ಆಲ್ಬಂ

ನಾನು ಕೆರಿಬಿಯನ್ ದ್ವೀಪ ಜಮೈಕಾದ ರೆಗೆ ಸಂಗೀತ ಕೇಳುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು: 'ಬಾಬ್ ಮಾರ್ಲಿ ಗೊತ್ತು. ಅವರಾದಮೇಲೆ ರೆಗೆಯಲ್ಲಿ ಏನಾದರೂ ಇದೆಯಾ? ಇದ್ದರೆ ಎಲ್ಲಿಂದ ಶುರು ಮಾಡಲಿ?'

ನನ್ನ ಉತ್ತರ ಬದಲಾಗಿಲ್ಲ. ಕ್ರಾನಿಕ್ಸ್ ಎಂಬ ಹುಡುಗನ 'ಕ್ರೊನಾಲಜಿ'ಯಿಂದ ಶುರು ಮಾಡಿ. 2017ರ ಜುಲೈ 7ರಂದು ಬಂದ ಆಲ್ಬಂ. ಹದಿನಾರು ಹಾಡುಗಳಿವೆ. ಅದು ಬಂದಾಗ ಅವನಿಗೆ ಇನ್ನೂ 24 ವರ್ಷ.

ಮಾರ್ಲಿಯಿಂದಲೇ ಯಾಕೆ ಶುರು ಮಾಡಬಾರದು ಅಂತ ಕೇಳಬಹುದು. ಮಾಡಬಹುದು, ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಮಾರ್ಲಿಯನ್ನು ಕೇಳಿರುವುದು 1984ರಲ್ಲಿ, ಅವರು ತೀರಿಕೊಂಡು ಮೂರು ವರ್ಷ ಆದಮೇಲೆ ಬಂದ 'ಲೆಜೆಂಡ್' ಸಂಗ್ರಹದಲ್ಲಿ. ಅದನ್ನಷ್ಟೇ ಕೇಳಿದವರಿಗೆ ರೆಗೆ ಅಂದರೆ ಒಬ್ಬ ಮಹಾಪುರುಷ, ಅವನ ಹಾಡು, ಅವನ ಸಾವು, ಅಲ್ಲಿಗೆ ಮುಗೀತು ಅನ್ನಿಸಿಬಿಡುತ್ತದೆ. ಅದು ಹಾಗಲ್ಲ. ರೆಗೆ ಒಂದು ಕೇರಿಯ ಸಂಗೀತ. ಅಪ್ಪನಿಂದ ಮಗನಿಗೆ, ಒಬ್ಬ ಹಾಡುಗಾರನಿಂದ ಇನ್ನೊಬ್ಬನಿಗೆ ಕೈ ಬದಲಾಯಿಸುತ್ತಾ ಬಂದದ್ದು. ಅದು ಈ ಆಲ್ಬಂನಲ್ಲಿ ಕಿವಿಗೆ ನೇರವಾಗಿ ಕೇಳುತ್ತದೆ.

ಕ್ರಾನಿಕ್ಸ್‌ನ ಮನೆಯಲ್ಲಿ ಇಟ್ಟ ಹೆಸರು ಜಮಾರ್ ಮೆಕ್‌ನಾಟನ್. ಹುಟ್ಟಿದ್ದು 1992ರಲ್ಲಿ, ಜಮೈಕಾದ ಈಗಿನ ರಾಜಧಾನಿ ಕಿಂಗ್‌ಸ್ಟನ್ನಿನ ಪಕ್ಕದ ಸ್ಪ್ಯಾನಿಷ್ ಟೌನ್‌ನಲ್ಲಿ. 1534ರಲ್ಲಿ ಸ್ಪೇನಿನವರು ಕಟ್ಟಿದ ಊರು ಅದು. 1872ರವರೆಗೆ ಜಮೈಕಾದ ರಾಜಧಾನಿಯೂ ಆಗಿತ್ತು. ಹಳೆಯ ಚೌಕ, ಹಳೆಯ ಕಟ್ಟಡಗಳು ಈಗಲೂ ಇವೆ. ಆದರೆ ಪೇಪರಿನಲ್ಲಿ ಆ ಊರಿನ ಹೆಸರು ಬರುವುದು ಜಾಸ್ತಿ ಗ್ಯಾಂಗ್ ಜಗಳ, ಗುಂಡೇಟಿನ ಸುದ್ದಿಯಲ್ಲೇ. ಅಂಥ ಊರಿನ ಹೆಸರು ಹಿಡಿದೇ ಆಲ್ಬಂ ಶುರುವಾಗುತ್ತದೆ. ಮೊದಲ ಹಾಡು 'ಸ್ಪ್ಯಾನಿಷ್ ಟೌನ್ ರಾಕಿನ್'. ನಮ್ಮೂರು ಹೀಗೂ ಇದೆ ನೋಡಿ ಅಂತ ಎದೆಯುಬ್ಬಿಸಿ ಹೇಳುವ ಹಾಡು. ಅನುಕಂಪ ಬೇಡುವ ದನಿ ಒಂದು ಸಾಲಿನಲ್ಲೂ ಇಲ್ಲ. ನನಗೆ ಈ ಆಲ್ಬಂ ಹಿಡಿಸಿದ್ದೇ ಅಲ್ಲಿಂದ.

ಎರಡನೇ ಹಾಡಿನಲ್ಲಿ ಅವನ ಅಪ್ಪನೇ ಬಂದು ಹಾಡುತ್ತಾರೆ. ಅಪ್ಪನ ವೇದಿಕೆಯ ಹೆಸರು ಕ್ರಾನಿಕಲ್, ರೆಗೆಯಿಂದಲೇ ಹುಟ್ಟಿದ ಡಾನ್ಸ್‌ಹಾಲ್ ಎಂಬ ಕುಣಿತದ ಶೈಲಿಯ ಹಾಡುಗಾರ. ಮಗನನ್ನು ಚಿಕ್ಕವನಿದ್ದಾಗ 'ಲಿಟ್ಲ್ ಕ್ರಾನಿಕಲ್' ಅಂತ ಕರೆಯುತ್ತಿದ್ದರಂತೆ. ಮುಂದೆ ಅದೇ ಕ್ರಾನಿಕ್ಸ್ ಆಯಿತು. 'ಬಿಗ್ ಬ್ಯಾಡ್ ಸೌಂಡ್' ಎಂಬ ಆ ಹಾಡಿನಲ್ಲಿ ಅಪ್ಪ-ಮಗ ಇಬ್ಬರೂ ಸೌಂಡ್ ಸಿಸ್ಟಮ್ಮಿನ ಗತ್ತನ್ನು ಹಾಡುತ್ತಾರೆ. ಸೌಂಡ್ ಸಿಸ್ಟಮ್ ಅಂದರೆ ಬೀದಿಯಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ತಂಡ. ಜಮೈಕಾದಲ್ಲಿ 1950ರ ದಶಕದಿಂದಲೂ ಹಾಡು ಗೆಲ್ಲುವುದೋ ಸೋಲುವುದೋ ಆ ಪೆಟ್ಟಿಗೆಗಳ ಮುಂದೆ ತೀರ್ಮಾನ ಆಗುತ್ತಿತ್ತು. ರೇಡಿಯೋ ಆಮೇಲೆ.

ಈ ಆಲ್ಬಂನಲ್ಲಿ ಒಂದೇ ಒಂದು ಹಾಡು ಕೇಳುವಷ್ಟು ಸಮಯ ಇದೆ ಅಂದರೆ 'ಮೆಜೆಸ್ಟಿ' ಕೇಳಿ. ಇದರ ಹಿಂದಿನ ದಾರಿ ಉದ್ದವಿದೆ. 1962ರಲ್ಲಿ ಅಮೆರಿಕದ ಕರ್ಟಿಸ್ ಮೇಫೀಲ್ಡ್ ತಮ್ಮ 'ದಿ ಇಂಪ್ರೆಷನ್ಸ್' ತಂಡಕ್ಕೆ ಒಂದು ಹಾಡು ಬರೆದರು. ರಾಣಿಯನ್ನು ಪ್ರೀತಿಸಿದ ಒಬ್ಬ ಬಡ ಹಾಡುಗಾರನ ಕತೆ. 1967ರಲ್ಲಿ ಕಿಂಗ್‌ಸ್ಟನ್ನಿನ 'ದಿ ಟೆಕ್ನಿಕ್ಸ್' ತಂಡ ಅದನ್ನು 'ಕ್ವೀನ್ ಮೆಜೆಸ್ಟಿ' ಅಂತ ಹಾಡಿತು. ಹಾಡಿಸಿದವರು ಡ್ಯೂಕ್ ರೀಡ್. ಅವರ ಸ್ಟುಡಿಯೋ ಇದ್ದದ್ದು ಅವರದೇ ಮದ್ಯದಂಗಡಿಯ ಮಹಡಿ ಮೇಲೆ. ರೆಗೆಗೆ ಸ್ವಲ್ಪ ಮೊದಲಿನ ರಾಕ್‌ಸ್ಟೆಡಿ ಲಯಕ್ಕೆ ಬಂದಮೇಲೆ ಆ ಹಾಡು ಜಮೈಕಾದ್ದೇ ಆಗಿಹೋಯಿತು. ಐವತ್ತು ವರ್ಷ ಕಳೆದು ಕ್ರಾನಿಕ್ಸ್ ಅದರ ಮೇಲೆ ತನ್ನ ಹೊಸ ಪ್ರೇಮಗೀತೆ ಕಟ್ಟಿದ. ಹಳೆಯ ದನಿಗಳು ಹಿಂದೆ ತೇಲುತ್ತಿರುತ್ತವೆ, ಅವನು ಮುಂದೆ ನಿಂತು ಇವತ್ತಿನ ಮಾತಿನಲ್ಲಿ ಹಾಡುತ್ತಾನೆ.

ಇದನ್ನು ಕದ್ದದ್ದು ಅನ್ನುವವರಿದ್ದಾರೆ. ರೆಗೆಯ ಕ್ರಮವೇ ಅದು ಸ್ವಾಮಿ. ಅಲ್ಲಿ ಹಾಡಿನ ಹಿಂದಿನ ವಾದ್ಯದ ಭಾಗಕ್ಕೆ 'ರಿದಿಮ್' ಅಂತಾರೆ. ಒಂದೇ ರಿದಿಮ್ ಮೇಲೆ ಹತ್ತಾರು ಜನ ಬೇರೆ ಬೇರೆ ಹಾಡು ಹಾಡುತ್ತಾರೆ. ನಮ್ಮ ಭಜನೆ ಮೇಳದಲ್ಲಿ ಒಂದೇ ಧಾಟಿಗೆ ಊರೂರಿನವರು ತಮ್ಮ ಪದ ಕಟ್ಟಿ ಹಾಡುವುದಿಲ್ಲವಾ, ಹಾಗೆ. ಧಾಟಿ ಎಲ್ಲರದು, ಪದ ಅವರವರದು. ಇದು ತಿಳಿದಮೇಲೆ ರೆಗೆಯಲ್ಲಿ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದೆ ಅನ್ನುವ ದೂರು ತಾನಾಗಿಯೇ ಕಡಿಮೆ ಆಗುತ್ತದೆ. ಒಂದೇ ಥರ ಇರುವುದರ ಮೇಲೆ ಯಾರು ಏನು ಹೊಸದು ಮಾಡಿದರು ಅಂತ ನೋಡುವುದೇ ಅಲ್ಲಿನ ಖುಷಿ.

ಇನ್ನು ಲಯ. ಸುಮ್ನೆ ಕೂತು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ನಮಗೆ ರೂಢಿ ಇರುವ ಹೆಚ್ಚಿನ ಹಾಡುಗಳಲ್ಲಿ ಒಂದರ ಮೇಲೆ ಜೋರು ಪೆಟ್ಟು ಬೀಳುತ್ತದೆ. ರೆಗೆಯ 'ಒನ್ ಡ್ರಾಪ್' ನಡೆಯಲ್ಲಿ ಒಂದು ಖಾಲಿ. ಡ್ರಮ್ಮಿನ ದೊಡ್ಡ ಪೆಟ್ಟು ಬೀಳುವುದು ಮೂರರ ಮೇಲೆ. ಎರಡು ಮತ್ತು ನಾಲ್ಕರ ಮೇಲೆ ಗಿಟಾರ್ 'ಚಕ್' ಅಂತ ಕತ್ತರಿಸಿದ ಹಾಗೆ ಬಂದು ಹೋಗುತ್ತದೆ. ಮಧ್ಯದಲ್ಲಿ ಬೇಸ್ ಗಿಟಾರ್ ಓಡಾಡಿಕೊಂಡಿರುತ್ತದೆ, ನಿಜವಾದ ರಾಗ ಇರುವುದು ಅದರಲ್ಲೇ. ಈ ನಡೆಯನ್ನು ಲೋಕಕ್ಕೆಲ್ಲ ಪರಿಚಯಿಸಿದವರು ಮಾರ್ಲಿಯ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್. ಕ್ರಾನಿಕ್ಸ್‌ನ 'ಸ್ಕ್ಯಾಂಕಿನ್ ಸ್ವೀಟ್' ಹಾಕಿ ಗಿಟಾರಿನ ಆ 'ಚಕ್' ಹಿಂದೆ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಭುಜ ತಾನೇ ಅಲ್ಲಾಡುತ್ತದೆ. ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್ ಬರುವುದೇ ಇಲ್ಲ, ಬೇಸ್ ಇಲ್ಲದ ರೆಗೆಯಲ್ಲಿ ಅರ್ಧ ಹಾಡು ಮಾಯ. ಒಳ್ಳೆಯ ಹೆಡ್‌ಫೋನ್ ಸಾಕು.

'ಸ್ಮೈಲ್ ಜಮೈಕಾ' ಬಗ್ಗೆ ಹೇಳಲೇಬೇಕು. 2013ರಲ್ಲೇ ಬಿಡಿಯಾಗಿ ಬಂದು ಅವನನ್ನು ಮನೆಮಾತು ಮಾಡಿದ ಹಾಡು. ನಾಲ್ಕು ವರ್ಷ ಕಳೆದಮೇಲೆ ಆಲ್ಬಂನಲ್ಲಿ ಸೇರಿಸಿದ್ದಾನೆ. ದೇಶವನ್ನೇ ಒಬ್ಬ ನೊಂದ ಹೆಣ್ಣಾಗಿ ಕಂಡು, ನಗು ಅಂತ ಕೇಳಿಕೊಳ್ಳುವ ಹಾಡು. ಇಷ್ಟು ಜಮೈಕಾದ ಹಾಡಿಗೆ ರಿದಿಮ್ ಮಾಡಿದವರು ಎಲ್ಲಿಯವರು ಗೊತ್ತಾ? ಜರ್ಮನಿಯ ಹ್ಯಾಂಬರ್ಗ್‌ನ 'ಸಿಲ್ಲಿ ವಾಕ್ಸ್ ಡಿಸ್ಕೊಟೆಕ್' ಎಂಬ ತಂಡ. ರೆಗೆಯನ್ನು ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2018ರಲ್ಲಿ. ಅಷ್ಟರೊಳಗೆ ಅದು ಹೀಗೆ ಎಲ್ಲೆಲ್ಲಿಗೋ ಹೋಗಿ ಬೇರು ಬಿಟ್ಟಿತ್ತು. ನಮ್ಮ ಹತ್ತಿರದ ಗೋವಾದಲ್ಲೇ 2016ರಿಂದ 'ಗೋವಾ ಸನ್‌ಸ್ಪ್ಲ್ಯಾಶ್' ಎಂಬ ರೆಗೆ ಹಬ್ಬ ಶುರುವಾಗಿದೆ.

ಕೊರತೆ ಇಲ್ಲವಾ? ಇದೆ. ಹದಿನಾರು ಹಾಡು ಜಾಸ್ತಿ ಆಯಿತು. ಕೊನೆಯ ಕಡೆ ಪ್ರೇಮದ ಹಾಡುಗಳು ಒಂದರ ಹಿಂದೊಂದು ಬಂದು ಬಿಗಿ ಸಡಿಲಾಗುತ್ತದೆ. 'ಐ ಕ್ಯಾನ್' ಹಾಡು ವಿದೇಶದ ರೇಡಿಯೋಗೆ ಅಂತಲೇ ಮಾಡಿದಂತಿದೆ, ಅದರಲ್ಲಿ ಸ್ಪ್ಯಾನಿಷ್ ಟೌನ್ ನನಗೆ ಕಾಣಲಿಲ್ಲ. ಹನ್ನೆರಡು ಹಾಡಿಗೆ ನಿಲ್ಲಿಸಿದ್ದರೆ ಇದು ಇನ್ನೂ ಗಟ್ಟಿ ಇರುತ್ತಿತ್ತು. ಆದರೆ ಅದೇ ಕೊನೆಯ ಭಾಗದಲ್ಲಿ 'ಲೈಕ್ಸ್' ಇದೆ. ಡಾನ್ಸ್‌ಹಾಲ್ ವೇಗ, ಮಾತು ಚಾಟಿ ಬೀಸಿದ ಹಾಗೆ. ನಾನು ಇದನ್ನು ಮಾಡುವುದು ಪ್ರೀತಿಗಾಗಿ, ಲೈಕಿಗಾಗಿ ಅಲ್ಲ ಅನ್ನುತ್ತಾನೆ. 2018ರ ಗ್ರ್ಯಾಮಿಗೆ ಈ ಆಲ್ಬಂ ನಾಮನಿರ್ದೇಶನ ಆಗಿತ್ತು. ಪ್ರಶಸ್ತಿ ಹೋದದ್ದು ಮಾರ್ಲಿಯ ಕಿರಿಯ ಮಗ ಡೇಮಿಯನ್‌ನ 'ಸ್ಟೋನಿ ಹಿಲ್'ಗೆ. ಡೇಮಿಯನ್ ಕೂಡ ದೊಡ್ಡ ಕಲಾವಿದನೇ. 2011ರಲ್ಲಿ ನಮ್ಮ ಎ.ಆರ್. ರೆಹಮಾನ್ ಜೊತೆ 'ಸೂಪರ್‌ಹೆವಿ' ತಂಡದಲ್ಲಿ ಹಾಡಿದವನು. ಆದರೂ ಆ ವರ್ಷ ನನ್ನ ಓಟು ಕ್ರಾನಿಕ್ಸ್‌ಗೇ.

ಮಾರ್ಲಿ ಆದಮೇಲೆ ಯಾರು ಅನ್ನುವ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ. 'ರೆಗೆ ಅಂದ್ರೆ ಗಾಂಜಾ ಹಾಡು ಅಲ್ವಾ?' ಅಲ್ಲ. ಕ್ರಾನಿಕ್ಸ್ ರಾಸ್ತಾಫಾರಿ ನಂಬಿಕೆಯವನು. ಇಥಿಯೋಪಿಯಾದಲ್ಲಿ 1930ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ರಾಸ್ತಾಗಳು ದೇವರೆಂದು ನಂಬುತ್ತಾರೆ. ಆಫ್ರಿಕಾದಿಂದ ಜಮೈಕಾಕ್ಕೆ ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ನಮಗೂ ಒಂದು ನೆಲ ಇತ್ತು, ಒಬ್ಬ ರಾಜ ಇದ್ದಾನೆ ಅಂತ ತಲೆ ಎತ್ತಿದ ಬಗೆ ಅದು. 'ಸೆಲಾಸಿ ಚಿಲ್ಡ್ರನ್', 'ಬ್ಲ್ಯಾಕ್ ಈಸ್ ಬ್ಯೂಟಿಫುಲ್' ಕೇಳುವಾಗ ಇದು ಮನಸ್ಸಿನಲ್ಲಿರಲಿ. ಗಾಂಜಾ ಅವರ ಪೂಜೆಯಲ್ಲಿದೆ ನಿಜ. ಆದರೆ ಅದು ಆ ದ್ವೀಪಕ್ಕೆ ಬಂದದ್ದು ನಮ್ಮ ದೇಶದ ಕೂಲಿಗಳ ಜೊತೆ ಅಂತಲೇ ಇತಿಹಾಸ ಹೇಳುತ್ತದೆ. ಆ ಕೂಲಿಗಳ ಮೊದಲ ಹಡಗು 1845ರಲ್ಲಿ ನಿಂತದ್ದು ಓಲ್ಡ್ ಹಾರ್ಬರ್ ಬೇ ಎಂಬಲ್ಲಿ. ಸ್ಪ್ಯಾನಿಷ್ ಟೌನ್ ಇರುವ ಸೇಂಟ್ ಕ್ಯಾಥರಿನ್ ಜಿಲ್ಲೆಯದೇ ಕರಾವಳಿ ಅದು.

ಭಾಷೆ ಅರ್ಥ ಆಗುವುದಿಲ್ಲ ಅಂತ ಹೆದರಬೇಡಿ. ಹಾಡಿರುವುದು ಪಟ್ವಾದಲ್ಲಿ, ಅಂದರೆ ಇಂಗ್ಲಿಷಿನಿಂದ ಬೆಳೆದ ಜಮೈಕಾದ ಆಡುಮಾತಿನಲ್ಲಿ. ಮೊದಲ ಸಲ ನನಗೂ ಕಾಲು ಭಾಗ ದಕ್ಕಲಿಲ್ಲ. ಎರಡನೇ ಸಲ ಸಾಹಿತ್ಯ ಮುಂದೆ ಇಟ್ಟುಕೊಂಡು ಕೇಳಿ, ಬೇಗ ಹಿಡಿತಕ್ಕೆ ಬರುತ್ತದೆ.

ಇದು ಹಿಡಿಸಿದರೆ ಮುಂದೆ ಇನ್ನೊಬ್ಬ ಜಮೈಕಾ ಹಾಡುಗಾರ ಪ್ರೊಟೊಜೆಯ 'ಏನ್ಶಿಯೆಂಟ್ ಫ್ಯೂಚರ್' ಕೇಳಿ, 2015ರದ್ದು. ಅದರ 'ಹೂ ನೋಸ್' ಹಾಡಿನಲ್ಲಿ ಕ್ರಾನಿಕ್ಸ್ ಕೂಡ ಇದ್ದಾನೆ. ಆಮೇಲೆ ಕಾಫಿ ಎಂಬ ಹೆಸರಿನ ಹುಡುಗಿಯ 'ಗಿಫ್ಟೆಡ್', 2022ರದ್ದು. ಅವಳೂ ಸ್ಪ್ಯಾನಿಷ್ ಟೌನಿನವಳೇ. ಅವಳ ಹಿಂದಿನ ಪುಟ್ಟ ಆಲ್ಬಂ 'ರ‍್ಯಾಪ್ಚರ್'ಗೆ 2020ರಲ್ಲಿ ರೆಗೆ ಗ್ರ್ಯಾಮಿ ಬಂದಾಗ ಅವಳಿಗಿನ್ನೂ 19. ತಂಡದ ಜೊತೆಗಲ್ಲದೆ ತಾನೊಬ್ಬಳೇ ಆ ಪ್ರಶಸ್ತಿ ಪಡೆದ ಮೊದಲ ಗಾಯಕಿ ಅವಳು. ಈ ಮೂರನ್ನೂ ಕೇಳಿ ಮುಗಿಸಿದಮೇಲೆ ಮಾರ್ಲಿಯ ಕಡೆ ವಾಪಸ್ ಹೋಗಿ. ಸಂಗ್ರಹ ಬೇಡ, 1973ರ 'ಕ್ಯಾಚ್ ಎ ಫೈರ್' ಪೂರ್ತಿ ಹಾಕಿ, ಬೇಸ್ ಸ್ವಲ್ಪ ಜಾಸ್ತಿ ಇಟ್ಟುಕೊಂಡು.