ಒಂಬತ್ತನೆಯ ಮಹಡಿಯ ಬೀಗ

25 ಮಾರ್ಚ್ 2025, ಮಂಗಳವಾರ

ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು ಇಂದಿಗೆ 114 ವರ್ಷ. ಅಂದು ಸತ್ತ 146 ಮಂದಿಯಲ್ಲಿ 123 ಮಂದಿ ಹೆಂಗಸರು. ಅವರಲ್ಲಿ ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯುರೋಪಿನ ಯಹೂದಿ ಮನೆಗಳಿಂದಲೂ ಹೊಟ್ಟೆಪಾಡಿಗೆ ಬಂದವರು. ಕೆಲವರಿಗೆ ಇನ್ನೂ ಹದಿನಾಲ್ಕು ವರ್ಷ.

1911ರ ಆ ಶನಿವಾರ ಸಂಜೆ, ಇನ್ನೇನು ಕೆಲಸ ಬಿಡಬೇಕು ಎನ್ನುವಾಗ, ಎಂಟನೆಯ ಮಹಡಿಯ ಕತ್ತರಿ ಮೇಜಿನ ಕೆಳಗೆ ರಾಶಿ ಬಿದ್ದಿದ್ದ ಬಟ್ಟೆಚೂರುಗಳಿಗೆ ಕಿಡಿ ತಗುಲಿತು. ಹತ್ತನೆಯ ಮಹಡಿಯ ಕಚೇರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಅಲ್ಲಿದ್ದ ಮಾಲೀಕರಾದ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಚಾವಣಿಗೆ ಹತ್ತಿ ಪಾರಾದರು. ನಡುವಿನ ಒಂಬತ್ತನೆಯ ಮಹಡಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅಲ್ಲಿನ ಎರಡು ಮೆಟ್ಟಿಲು ದಾರಿಗಳಲ್ಲಿ ಒಂದರತ್ತ ಹೊಗೆ, ಬೆಂಕಿ ನುಗ್ಗಿತ್ತು, ಇನ್ನೊಂದರ ಬಾಗಿಲಿಗೆ ಬೀಗ ಬಿದ್ದಿತ್ತು. ಬಟ್ಟೆ ಕದ್ದೊಯ್ಯಬಾರದೆಂದು ಎಲ್ಲರನ್ನೂ ಒಂದೇ ಬಾಗಿಲಿನಿಂದ ಬಿಟ್ಟು ಕೈಚೀಲ ತಪಾಸಿಸುವ ರೂಢಿ ಆ ಬೀಗಕ್ಕೆ ಕಾರಣ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಬಾಗಿ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಮಹಡಿಗಷ್ಟೇ ಎಟುಕಿತು. ಲಿಫ್ಟ್ ನಡೆಸುವವರು ಉರಿಯ ನಡುವೆಯೇ ಮತ್ತೆ ಮತ್ತೆ ಮೇಲೆ ಹೋಗಿ ಬಹಳಷ್ಟು ಜನರನ್ನು ಇಳಿಸಿ ತಂದರೆಂಬುದನ್ನು ಇಲ್ಲಿ ಬರೆದಿಡಲೇಬೇಕು. ಉಳಿದವರಲ್ಲಿ ಅನೇಕರು ಕಿಟಕಿಯಿಂದ ಹಾರಿದರು.

ಇದನ್ನು ದುರದೃಷ್ಟವೆಂದು ಕರೆಯಲು ನನಗೆ ಮನಸ್ಸು ಬಾರದು. 1909ರಲ್ಲಿ ಕ್ಲಾರಾ ಲೆಮ್ಲಿಕ್ ಎಂಬ ತರುಣಿ ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಶ್ ಭಾಷೆಯಲ್ಲಿ ಕೊಟ್ಟ ಕರೆಗೆ ಓಗೊಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೊಲಿಗೆ ಕಾರ್ಮಿಕರು ಮುಷ್ಕರ ಹೂಡಿದಾಗ, ಟ್ರಯಾಂಗಲ್‌ನ ಹೆಣ್ಣುಮಕ್ಕಳು ಸಂಬಳದ ಜೊತೆಗೆ ತೆರೆದ ಬಾಗಿಲನ್ನೂ ಕೇಳಿದ್ದರು. ಮಾಲೀಕರು ಸಂಘವನ್ನು ಒಪ್ಪಲಿಲ್ಲ. ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಕೂಡದೆಂದು ನ್ಯೂಯಾರ್ಕಿನ ಕಾನೂನು ಆಗಲೇ ಹೇಳುತ್ತಿತ್ತು. ಆದರೂ, ಆ ಗಳಿಗೆಯಲ್ಲಿ ಬೀಗ ಬಿದ್ದಿದ್ದುದು ಮಾಲೀಕರಿಗೆ ಗೊತ್ತಿತ್ತೆಂಬುದು ಸಾಬೀತಾಗಲಿಲ್ಲವೆಂದು 1911ರ ಡಿಸೆಂಬರಿನಲ್ಲಿ ಜ್ಯೂರಿ ಇಬ್ಬರನ್ನೂ ಬಿಟ್ಟಿತು. ದಾವೆ ಹೂಡಿದ್ದ ಕುಟುಂಬಗಳಿಗೆ 1914ರಲ್ಲಿ ಸತ್ತವರ ತಲೆಗೊಂದರ ಲೆಕ್ಕದಲ್ಲಿ ಸಿಕ್ಕಿದ್ದು 75 ಡಾಲರ್.

ಅಂದು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ ಅಮೆರಿಕದ ಕಾರ್ಮಿಕ ಸಚಿವೆಯಾದರು. ರಾಜ್ಯದ ತನಿಖಾ ಆಯೋಗದ ಶ್ರಮದಿಂದ ಹೊಸ ಕಾನೂನುಗಳೂ ಬಂದವು. ಅವು ಬರುತ್ತಿದ್ದಾಗಲೇ, 1913ರಲ್ಲಿ, ಬ್ಲಾಂಕ್ ಮತ್ತೊಂದು ಕಾರ್ಖಾನೆಯಲ್ಲಿ ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದರು. ನ್ಯಾಯಾಲಯ ವಿಧಿಸಿದ ದಂಡ 20 ಡಾಲರ್.