ಆಗಸ್ಟ್‌ನ ಬ್ರಿಟನಿ

ಫ್ರಾನ್ಸ್ ಅಂದ್ರೆ ಪ್ಯಾರಿಸ್ ಮಾತ್ರ ಅಂದ್ಕೊಂಡಿರೋರು ಒಮ್ಮೆ ಪಶ್ಚಿಮದ ತುದಿಯ ಬ್ರಿಟನಿಗೆ ಬರಬೇಕು. ಅದೂ ಆಗಸ್ಟ್‌ನಲ್ಲಿ. ಲೋರಿಯಾಂ ಊರಲ್ಲಿ 1971ರಿಂದ ನಡ್ಕೊಂಡು ಬಂದಿರೋ ಕೆಲ್ಟಿಕ್ (ಬ್ರಿಟನಿ, ಐರ್ಲೆಂಡ್‌ನಂಥ ಕಡೆಗಳು ಹಂಚಿಕೊಂಡಿರೋ ಹಳೆಯ ಸಂಸ್ಕೃತಿ) ಹಬ್ಬಕ್ಕೆ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಿಂದೆಲ್ಲ ಕಲಾವಿದರು ಬರ್ತಾರೆ. ಬ್ಯಾಗ್‌ಪೈಪ್ ಮೇಳ ಬೀದಿಗೆ ಇಳಿದ್ರೆ ಎದೆಯೇ ನಡುಗುತ್ತೆ.

ಬ್ರಿಟನಿಯದ್ದೇ ಆದ ಕಾರ್ನಾಕ್‌ ಊರಿನ ನಿಲುವುಗಲ್ಲುಗಳನ್ನೂ ನೋಡಿದೆ. ಸಾವಿರಾರು ಕಲ್ಲು, ಸಾಲು ಸಾಲಾಗಿ. ಯಾಕೆ ನಿಲ್ಲಿಸಿದ್ರು ಅಂತ ಇವತ್ತಿಗೂ ಖಚಿತವಾಗಿ ಯಾರಿಗೂ ಗೊತ್ತಿಲ್ಲ.

ಊಟಕ್ಕೆ ಗಾಲೆಟ್. ಬಕ್‌ವೀಟ್ ಹಿಟ್ಟಿನ ಸಂಪಣವನ್ನ ದೊಡ್ಡ ದುಂಡು ಕಾವಲಿ ಮೇಲೆ ಸುರಿದು, ಮರದ ಪುಟ್ಟ ಹಲುಬೆಯಂಥದ್ದರಲ್ಲಿ ಒಂದೇ ಸುತ್ತಿಗೆ ಹರಡ್ತಾರೆ. ನಡುವೆ ಮೊಟ್ಟೆ ಒಡೆದು, ಚೀಸ್ ಉದುರಿಸಿ, ನಾಲ್ಕೂ ಅಂಚು ಮಡಚಿದ್ರೆ ಮುಗೀತು. ಅಂಚು ಗರಿಗರಿ, ಮೇಲೆ ಕರಗ್ತಿರೋ ಉಪ್ಪುಬೆಣ್ಣೆ. ಜೊತೆಗೆ ಸೇಬಿನ ಸೈಡರ್, ಅದನ್ನ ಬಟ್ಟಲಲ್ಲೇ ಕುಡೀಬೇಕು.

ನನ್ನನ್ನ ಹೆಚ್ಚು ಕಾಡಿದ್ದು ರಾತ್ರಿಯ ಕುಣಿತ, ಫೆಸ್ಟ್-ನೋಜ಼್. ಅಜ್ಜಿಯರು, ಕಾಲೇಜು ಹುಡುಗರು, ಪುಟ್ಟ ಮಕ್ಕಳು ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕ್ಕೊಂಡು ಸುತ್ತು ಹೊಡೀತಾರೆ. ಶಾಲೆಯಲ್ಲಿ ಇಲ್ಲಿನ ಭಾಷೆಯಾದ ಬ್ರೆಟನ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಕೊಡ್ತಿದ್ದ ಕಾಲ ಒಂದಿತ್ತಂತೆ. 1977ರಲ್ಲಿ ಜನರೇ ದಿವಾನ್ ಅನ್ನೋ ಬ್ರೆಟನ್ ಮಾಧ್ಯಮದ ಶಾಲೆಗಳನ್ನ ಶುರು ಮಾಡಿದ್ರು. ಭಾಷೆ ಇನ್ನೂ ಅಪಾಯದಲ್ಲೇ ಇದೆ, ನಿಜ. ಆದ್ರೆ ಕುಣಿತದಲ್ಲಿ ಆ ಮಕ್ಕಳು ಬ್ರೆಟನ್ ಹಾಡಿನ ಸಾಲನ್ನ ತಪ್ಪದೆ ತಿರುಗಿ ಹೇಳೋದು ಕೇಳಿದಾಗ ನನಗೆ ತುಂಬಾ ಸಂತೋಷ ಆಯ್ತು.

ನಾಳೆ ಪ್ಲೂಮನಾಕ್‌ನ ಗುಲಾಬಿ ಬಂಡೆಗಳ ಕಡೆ ಹೊರಟಿದ್ದೀವಿ. ಆ ಕಡೆ ಹೋಗಿ ಬಂದವರು ಇದ್ರೆ ಹೇಳಿ.